ಗಾಳಿ ರಾಜ್ಯದ್ದು, ಓಟು ಓಣಿಯದ್ದು



ಚುನಾವಣೆ ಇನ್ನೂ ದೂರವಿರುವಾಗಲೇ ನಮ್ಮ ಅವಳಿ ನಗರದಲ್ಲಿ ಒಂದು ಪ್ರಶ್ನೆ ಓಡಾಡತೊಡಗುತ್ತದೆ. ಹುಬ್ಬಳ್ಳಿಯ ದುರ್ಗದಬೈಲಿನಲ್ಲಿ ಗಿರ್ಮಿಟ್ ತಿನ್ನುತ್ತ ನಿಂತವರ ನಡುವೆ, ಧಾರವಾಡದ ಸುಭಾಸ ರಸ್ತೆಯ ಚಹದಂಗಡಿಗಳಲ್ಲಿ, ಅಮರಗೋಳದ ಮಾರುಕಟ್ಟೆಯ ಅಡತಿ ಅಂಗಡಿಗಳ ಕಟ್ಟೆಯ ಮೇಲೆ ಅದು ಕಿವಿಗೆ ಬೀಳುತ್ತದೆ: "ಈ ಸಲ ಯಾರು ಬರ್ತಾರ್ರೀ?"

ಹಿಂದೆ ಈ ಪ್ರಶ್ನೆಗೆ ಜನ ತಮ್ಮ ಓಣಿ, ತಮ್ಮ ಹಳ್ಳಿ, ಬೀಗರ ಊರು ಇವನ್ನೆಲ್ಲ ಮನಸ್ಸಿನಲ್ಲೇ ಲೆಕ್ಕ ಹಾಕಿ ಉತ್ತರ ಕೊಡುತ್ತಿದ್ದರು. ಈಗ ಜೇಬಿನಿಂದ ಫೋನು ತೆಗೆದು, "ಸರ್ವೇ ಬಂದೈತಿ ನೋಡ್ರಿ" ಎಂದು ಅಂಕಿಗಳನ್ನು ಓದಿ ಹೇಳುತ್ತಾರೆ. ಇಂತಿಷ್ಟು ಸ್ಥಾನ ಇವರಿಗೆ, ಇಂತಿಷ್ಟು ಸ್ಥಾನ ಅವರಿಗೆ. ಚರ್ಚೆ ಅಲ್ಲಿಗೇ ಮುಗಿಯುತ್ತದೆ. ಕೆಲವೊಮ್ಮೆ ಮತದಾರನ ನಿರ್ಧಾರವೂ ಅಲ್ಲಿಗೇ ಮುಗಿಯುತ್ತದೆ.

2023ರ ಮೇ ತಿಂಗಳಲ್ಲಿ ರಚನೆಯಾದ ಕರ್ನಾಟಕದ 16ನೆಯ ವಿಧಾನಸಭೆಯ ಅವಧಿ 2028ರ ಮೇ ತಿಂಗಳವರೆಗೆ ಇದೆ. ಮುಂದಿನ ಚುನಾವಣೆಗೆ ಅಭ್ಯರ್ಥಿಗಳ ಹೆಸರು ಹೊರಬೀಳುವ ಮೊದಲೇ ಸಮೀಕ್ಷೆಗಳ ಅಂಕಿಗಳು ನಮ್ಮ ಮನೆಗೆ ಬಂದಿರುತ್ತವೆ. ಅವು ಬಂದಾಗ ಅವನ್ನು ಹೇಗೆ ಓದಬೇಕು, ಎಷ್ಟು ನಂಬಬೇಕು, ಎಲ್ಲಿ ಕೈಬಿಡಬೇಕು ಎಂಬುದನ್ನು ಈ ಮಾತುಕತೆಯಲ್ಲಿ ನಿಮ್ಮೊಡನೆ ವಿಚಾರ ಮಾಡುವುದು ನನ್ನ ಉದ್ದೇಶ. ಯಾವ ಪಕ್ಷದ ಪರವಾಗಿಯೂ ವಿರೋಧವಾಗಿಯೂ ಇಲ್ಲಿ ಮಾತಿಲ್ಲ. ಮಾತು ಅಂಕಿಯ ಬಗ್ಗೆ, ಮತ್ತು ಅಂಕಿಯ ಮುಂದೆ ನಿಂತ ಮತದಾರನ ಬಗ್ಗೆ.

ಮೊದಲು ಸಮೀಕ್ಷೆ ಎಂದರೇನು ಎಂಬುದನ್ನು ತಿಳಿದುಕೊಳ್ಳೋಣ. ಅಮರಗೋಳದ ಮಾರುಕಟ್ಟೆಗೆ ಹೆಸರುಕಾಳು ಬಂದಾಗ ಖರೀದಿದಾರ ಪ್ರತಿ ಚೀಲವನ್ನೂ ನೆಲಕ್ಕೆ ಸುರಿದು ನೋಡುವುದಿಲ್ಲ. ಚೂಪಾದ ಕೊಳವೆಯನ್ನು ಚೀಲಕ್ಕೆ ಚುಚ್ಚಿ ಒಂದು ಹಿಡಿ ಕಾಳು ಹೊರತೆಗೆಯುತ್ತಾನೆ. ಅಂಗೈಯಲ್ಲಿ ಹರಡಿ ನೋಡಿ ಬೆಲೆ ಹೇಳುತ್ತಾನೆ. ಒಂದು ಹಿಡಿ ಕಾಳು ಇಡೀ ರಾಶಿಯ ಗುಣವನ್ನು ಹೇಳಬಲ್ಲದು. ಆದರೆ ಅದಕ್ಕೊಂದು ಷರತ್ತಿದೆ. ಕೊಳವೆ ಚೀಲದ ಮೇಲೂ ನಡುವೆಯೂ ತಳದಲ್ಲೂ ಹೋಗಿರಬೇಕು. ಒಂದೇ ಚೀಲಕ್ಕಲ್ಲ, ಬೇರೆ ಬೇರೆ ಚೀಲಗಳಿಗೆ ಹೋಗಿರಬೇಕು. ಬಾಯಿಯ ಹತ್ತಿರದ ಚೆಂದದ ಕಾಳನ್ನಷ್ಟೇ ನೋಡಿ ಬೆಲೆ ಕಟ್ಟಿದವನು ಮನೆಗೆ ಹೋಗಿ ಹಣೆ ಬಡಿದುಕೊಳ್ಳುತ್ತಾನೆ.

ಚುನಾವಣಾ ಸಮೀಕ್ಷೆಯ ವಿಧಾನವೂ ಇದೇ. ಕೋಟಿಗಟ್ಟಲೆ ಮತದಾರರ ಪೈಕಿ ಕೆಲವು ಸಾವಿರ ಜನರನ್ನು ಆರಿಸಿ ಕೇಳಿ, ಉಳಿದವರ ಮನಸ್ಸನ್ನು ಅಂದಾಜು ಮಾಡುವುದು. ಮತದಾನಕ್ಕೆ ಮೊದಲು ಮಾಡಿದರೆ ಅದು ಚುನಾವಣಾಪೂರ್ವ ಸಮೀಕ್ಷೆ. ಮತ ಹಾಕಿ ಹೊರಬಂದವರನ್ನು ಕೇಳಿ ಮಾಡಿದರೆ ಅದು ಮತಗಟ್ಟೆ ಸಮೀಕ್ಷೆ. ಎರಡನ್ನೂ ಜನ ಸರ್ವೇ ಎಂದೇ ಕರೆಯುತ್ತಾರೆ. ಆದರೆ ಮೊದಲನೆಯದು 'ಹಾಕುತ್ತೇನೆ' ಎಂದವರ ಮಾತು, ಎರಡನೆಯದು 'ಹಾಕಿ ಬಂದೆ' ಎಂದವರ ಮಾತು. ಹಾಕುತ್ತೇನೆ ಎಂದವರೆಲ್ಲ ಹಾಕುವುದಿಲ್ಲ ಎಂಬುದು ನಿಮಗೂ ಗೊತ್ತಿದೆ.

ಎಷ್ಟು ಜನರನ್ನು ಕೇಳಿದರು ಎಂಬುದಕ್ಕಿಂತ ಯಾರನ್ನು ಕೇಳಿದರು ಎಂಬುದು ದೊಡ್ಡದು. ಇದಕ್ಕೆ 1936ರಲ್ಲಿ ಅಮೆರಿಕದಲ್ಲಿ ನಡೆದ ಒಂದು ಪ್ರಸಂಗ ಇಂದಿಗೂ ಪಾಠವಾಗಿದೆ. ಲಿಟರರಿ ಡೈಜೆಸ್ಟ್ ಎಂಬ ಹೆಸರಾಂತ ಪತ್ರಿಕೆ ಅಧ್ಯಕ್ಷ ಚುನಾವಣೆಗೆ ಮೊದಲು ಸುಮಾರು ಒಂದು ಕೋಟಿ ಜನರಿಗೆ ಅಂಚೆಯಲ್ಲಿ ಮಾದರಿ ಮತಪತ್ರ ಕಳಿಸಿತು. ಇಪ್ಪತ್ತು ಲಕ್ಷಕ್ಕೂ ಹೆಚ್ಚು ಉತ್ತರಗಳು ಬಂದವು. ಅವನ್ನು ಎಣಿಸಿ, ಲ್ಯಾಂಡನ್ ಗೆಲ್ಲುತ್ತಾರೆಂದು ಪತ್ರಿಕೆ ಸಾರಿತು. ಜಾರ್ಜ್ ಗ್ಯಾಲಪ್ ಎಂಬವರು ಸುಮಾರು ಐವತ್ತು ಸಾವಿರ ಜನರನ್ನಷ್ಟೇ ಕೇಳಿ, ರೂಸ್‌ವೆಲ್ಟ್ ಗೆಲ್ಲುತ್ತಾರೆಂದರು. ಅಲ್ಲಿಯ 48 ರಾಜ್ಯಗಳ ಪೈಕಿ 46ರಲ್ಲಿ ರೂಸ್‌ವೆಲ್ಟ್ ಗೆದ್ದರು. ತಪ್ಪಾದದ್ದು ಎಲ್ಲಿ? ಪತ್ರಿಕೆ ತನ್ನ ವಿಳಾಸಗಳನ್ನು ಹೆಚ್ಚಾಗಿ ಟೆಲಿಫೋನು ಮತ್ತು ಮೋಟಾರು ಇದ್ದವರ ಪಟ್ಟಿಗಳಿಂದ ತೆಗೆದಿತ್ತು. ಅದು ಕಷ್ಟದ ಕಾಲ. ಫೋನು, ಮೋಟಾರು ಇಲ್ಲದ ಬಡವರ ಮನೆಗೆ ಕಾಗದ ಹೋಗಲೇ ಇಲ್ಲ. ಕೊಳವೆ ಚೀಲದ ಮೇಲ್ಭಾಗಕ್ಕಷ್ಟೇ ಹೋಗಿತ್ತು.

ಭಾರತದಲ್ಲಿ ಈ ವಿದ್ಯೆ 1950ರ ದಶಕದಲ್ಲಿ ಎರಿಕ್ ಡ ಕೋಸ್ಟಾ ಅವರ ಸಂಸ್ಥೆಯಿಂದ ಆರಂಭವಾಯಿತು. ರಜನಿ ಕೊಠಾರಿಯವರು 1963ರಲ್ಲಿ ದೆಹಲಿಯಲ್ಲಿ ಕಟ್ಟಿದ ಸಿ.ಎಸ್.ಡಿ.ಎಸ್. ಸಂಸ್ಥೆ ಮತದಾರರ ಅಧ್ಯಯನಕ್ಕೆ ಶಾಸ್ತ್ರೀಯ ನೆಲೆ ಕೊಟ್ಟಿತು. 1980ರ ದಶಕದಲ್ಲಿ ಪ್ರಣಯ್ ರಾಯ್ ಅವರ ಲೆಕ್ಕಾಚಾರಗಳು ನಿಯತಕಾಲಿಕೆ ಮತ್ತು ಟಿ.ವಿ.ಯ ಮೂಲಕ ಮನೆಮಾತಾದವು. 1996ರ ಲೋಕಸಭಾ ಚುನಾವಣೆಯಲ್ಲಿ ದೂರದರ್ಶನಕ್ಕಾಗಿಯೇ ಸಿ.ಎಸ್.ಡಿ.ಎಸ್. ದೇಶವ್ಯಾಪಿ ಮತಗಟ್ಟೆ ಸಮೀಕ್ಷೆ ನಡೆಸಿತು. ಮತಪತ್ರಗಳನ್ನು ಕೈಯಿಂದ ಎಣಿಸುತ್ತಿದ್ದ ಆ ದಿನಗಳಲ್ಲಿ ಫಲಿತಾಂಶದ ನಡುನಡುವೆ ಟಿ.ವಿ.ಯಲ್ಲಿ ಸಿನಿಮಾ ಬರುತ್ತಿತ್ತು. ರಾತ್ರಿಯಿಡೀ ಎದ್ದು ಕುಳಿತು ನೋಡಿದ್ದು ನಿಮ್ಮಲ್ಲಿ ಹಿರಿಯರಿಗೆ ನೆನಪಿರಬಹುದು.

ಇನ್ನು ನಮ್ಮ ರಾಜ್ಯಕ್ಕೆ ಬರೋಣ. ಸಮೀಕ್ಷೆಯ ಅಂಕಿ ತಪ್ಪುವ ಸ್ಥಳಗಳು ಮುಖ್ಯವಾಗಿ ಮೂರು. ಮೊದಲನೆಯದು ಲೆಕ್ಕದ ಮಿತಿ. ಒಂದು ಸಾವಿರ ಜನರನ್ನು ಸರಿಯಾಗಿ ಆರಿಸಿ ಕೇಳಿದರೂ ಉತ್ತರದಲ್ಲಿ ಸುಮಾರು ಮೂರು ಅಂಶ ಆಚೀಚೆ ಆಗುವುದು ಸಹಜ. ಶೇಕಡಾ 38 ಎಂದು ಬಂದರೆ ಅದು 35 ಇರಬಹುದು, 41ಊ ಇರಬಹುದು. ಈ ಮಿತಿಯನ್ನು ಅರ್ಧಕ್ಕೆ ಇಳಿಸಬೇಕಾದರೆ ಜನರ ಸಂಖ್ಯೆಯನ್ನು ನಾಲ್ಕು ಪಟ್ಟು ಮಾಡಬೇಕು. ಆದ್ದರಿಂದ ಎರಡು ಪಕ್ಷಗಳ ನಡುವೆ ಎರಡು ಅಂಶದ ಅಂತರ ತೋರಿಸಿ 'ಇವರು ಮುಂದೆ, ಅವರು ಹಿಂದೆ' ಎಂದು ಸಾರಿದರೆ, ಅಲ್ಲಿ ನಿಜವಾಗಿ ಹೇಳಿದ್ದು 'ಗೊತ್ತಿಲ್ಲ' ಎಂದೇ.

ಎರಡನೆಯದು ಉತ್ತರದ ಮಿತಿ. ಹಳೇಹುಬ್ಬಳ್ಳಿಯ ಒಂದು ಮನೆಯ ಬಾಗಿಲನ್ನು ಕಣ್ಣ ಮುಂದೆ ತಂದುಕೊಳ್ಳಿ. ಕುತ್ತಿಗೆಗೆ ಗುರುತಿನ ಚೀಟಿ ಹಾಕಿಕೊಂಡ ಹುಡುಗನೊಬ್ಬ ಬಂದು, "ಯಕ್ಕಾ, ಈ ಸಲ ಯಾರಿಗೆ ಹಾಕ್ತೀರಿ?" ಎನ್ನುತ್ತಾನೆ. ಒಳಗಿನಿಂದ ಯಜಮಾನ, "ಯಾರಂವಾ?" ಎಂದು ಕೂಗುತ್ತಾನೆ. ಪಕ್ಕದ ಕಟ್ಟೆಯ ಮೇಲೆ ಪಕ್ಷದ ಕಾರ್ಯಕರ್ತ ಕುಳಿತಿದ್ದಾನೆ. ಆಕೆ ಏನು ಹೇಳಬೇಕು? "ಇನ್ನೂ ವಿಚಾರ ಮಾಡಿಲ್ಲಪ್ಪಾ" ಎನ್ನುತ್ತಾಳೆ. ಇಲ್ಲವೆ ಎಲ್ಲರಿಗೂ ಒಪ್ಪುವ ಹೆಸರೊಂದನ್ನು ಹೇಳಿ ಒಳಗೆ ಹೋಗುತ್ತಾಳೆ. ಮತಗಟ್ಟೆಯ ಮರೆಯಲ್ಲಿ ಆಕೆ ಒತ್ತುವ ಗುಂಡಿ ಬೇರೆಯೇ ಇರಬಹುದು. ಗುಪ್ತ ಮತದಾನವಿರುವುದೇ ಅದಕ್ಕಾಗಿ. ಆ ಗುಟ್ಟು ಸಮೀಕ್ಷೆಯವನಿಗೆ ಸಿಗದಿದ್ದರೆ ತಪ್ಪು ಆಕೆಯದಲ್ಲ.

ಮೂರನೆಯದು, ನಮ್ಮ ದೇಶದಲ್ಲಿ ಎಲ್ಲಕ್ಕಿಂತ ದೊಡ್ಡದು: ಮತವನ್ನು ಸ್ಥಾನವಾಗಿ ಬದಲಿಸುವ ಲೆಕ್ಕ. ಸಮೀಕ್ಷೆಯವರು ಕೇಳುವುದು ಮತವನ್ನು, ಹೇಳುವುದು ಸ್ಥಾನಗಳನ್ನು. ಇವೆರಡರ ನಡುವೆ ನೇರ ದಾರಿಯಿಲ್ಲ. ಕರ್ನಾಟಕದ ಇತಿಹಾಸವೇ ಇದಕ್ಕೆ ಸಾಕ್ಷಿ. 2004ರಲ್ಲಿ ಕಾಂಗ್ರೆಸ್ಸಿಗೆ ಸುಮಾರು ಶೇಕಡಾ 35 ಮತ, ಭಾರತೀಯ ಜನತಾ ಪಕ್ಷಕ್ಕೆ ಸುಮಾರು ಶೇಕಡಾ 28. ಸ್ಥಾನಗಳಾದರೋ ಕಾಂಗ್ರೆಸ್ಸಿಗೆ 65, ಬಿ.ಜೆ.ಪಿ.ಗೆ 79. 2008ರಲ್ಲಿ ಕಾಂಗ್ರೆಸ್ ಮತಗಳಲ್ಲಿ ತುಸು ಮುಂದೆಯೇ ಇತ್ತು; ಸ್ಥಾನಗಳು 80. ಬಿ.ಜೆ.ಪಿ.ಗೆ 110. 2018ರ ಮೇ ತಿಂಗಳಲ್ಲಿ 222 ಕ್ಷೇತ್ರಗಳಿಗೆ ಮತದಾನವಾದಾಗ ಕಾಂಗ್ರೆಸ್ ಸುಮಾರು ಶೇಕಡಾ 38 ಮತ ಪಡೆದು 78 ಸ್ಥಾನ ಗೆದ್ದಿತು. ಬಿ.ಜೆ.ಪಿ. ಸುಮಾರು ಶೇಕಡಾ 36 ಮತ ಪಡೆದು 104 ಸ್ಥಾನ ಗೆದ್ದಿತು.

2023ರಲ್ಲಿ ಏನಾಯಿತು ನೋಡಿ. ಬಿ.ಜೆ.ಪಿ.ಯ ಮತಗಳಿಕೆ ಹೆಚ್ಚುಕಡಿಮೆ ಅಲ್ಲಿಯೇ, ಶೇಕಡಾ 36ರಲ್ಲಿಯೇ ನಿಂತಿತು. ಆದರೆ ಸ್ಥಾನಗಳು 104ರಿಂದ 66ಕ್ಕೆ ಇಳಿದವು. ಜನತಾದಳ (ಜಾತ್ಯತೀತ) ಶೇಕಡಾ 18ರಿಂದ 13ಕ್ಕೆ ಇಳಿಯಿತು. ಕಾಂಗ್ರೆಸ್ ಶೇಕಡಾ 38ರಿಂದ 43ರ ಸಮೀಪಕ್ಕೆ ಏರಿ 135 ಸ್ಥಾನ ಗೆದ್ದಿತು. ಒಂದು ಪಕ್ಷದ ಮತ ಕದಲದೆ ನಿಂತಿರುವಾಗಲೇ ಅದರ 38 ಸ್ಥಾನಗಳು ಹೋದವು ಎಂದರೆ ನಂಬುವುದು ಕಷ್ಟ. ಆದರೆ ನಡೆದದ್ದು ಹಾಗೆಯೇ. ಯಾರಿಗೆ ಎಷ್ಟು ಮತ ಎಂಬುದರಷ್ಟೇ ಆ ಮತ ಯಾವ ಯಾವ ಕ್ಷೇತ್ರದಲ್ಲಿ ಬಿತ್ತು, ಎದುರಾಳಿಗಳ ಮತ ಒಡೆಯಿತೋ ಕೂಡಿತೋ ಎಂಬುದು ಮುಖ್ಯವಾಗುತ್ತದೆ.

ಹೀಗಿರುವಾಗ ಸಮೀಕ್ಷೆ ನಡೆಸುವವರು ಒಮ್ಮೆ ಗುರಿ ಮುಟ್ಟಿ ಒಮ್ಮೆ ತಪ್ಪುವುದರಲ್ಲಿ ಆಶ್ಚರ್ಯವಿಲ್ಲ. ಆಕ್ಸಿಸ್ ಮೈ ಇಂಡಿಯಾ ಸಂಸ್ಥೆಯ ಮತಗಟ್ಟೆ ಸಮೀಕ್ಷೆಯನ್ನೇ ತೆಗೆದುಕೊಳ್ಳಿ. 2018ರಲ್ಲಿ ಅದು ಕಾಂಗ್ರೆಸ್ಸಿಗೆ 106ರಿಂದ 118 ಸ್ಥಾನ ಎಂದಿತ್ತು, ಬಂದದ್ದು 78. 2023ರಲ್ಲಿ ಅದೇ ಸಂಸ್ಥೆ 122ರಿಂದ 140 ಎಂದಿತು, ಬಂದದ್ದು 135. ಮರುವರ್ಷ, 2024ರ ಲೋಕಸಭೆಗೆ ಅದೇ ಸಂಸ್ಥೆ ರಾಷ್ಟ್ರೀಯ ಪ್ರಜಾಸತ್ತಾತ್ಮಕ ಒಕ್ಕೂಟಕ್ಕೆ 361ರಿಂದ 401 ಸ್ಥಾನ ಎಂದಿತು, ಬಂದದ್ದು 293. ಇದನ್ನು ಆ ಸಂಸ್ಥೆಯನ್ನು ಹಳಿಯಲು ಹೇಳುತ್ತಿಲ್ಲ. ಬೇರೆಯವರೂ ಎಡವಿದ್ದಾರೆ, ಬೇರೆಯವರೂ ಗೆದ್ದಿದ್ದಾರೆ. ಹೋದ ಸಲ ಸರಿಯಾಗಿತ್ತು ಎಂಬುದು ಈ ಸಲಕ್ಕೆ ಜಾಮೀನಲ್ಲ ಎಂಬುದಷ್ಟೇ ಇಲ್ಲಿಯ ತಾತ್ಪರ್ಯ.

ಓದುಗರೆ, ಇಷ್ಟೂ ರಾಜ್ಯದ ಮಾತಾಯಿತು. ಆದರೆ ನೀವು ಓಟು ಹಾಕುವುದು ರಾಜ್ಯಕ್ಕಲ್ಲ, ನಿಮ್ಮ ಒಂದು ಕ್ಷೇತ್ರಕ್ಕೆ. ರಾಜ್ಯದ ಅಂಕಿ ನಿಮ್ಮ ಕ್ಷೇತ್ರದ ಬಗ್ಗೆ ಏನು ಹೇಳುತ್ತದೆ? ಲೆಕ್ಕ ಹಾಕಿ ನೋಡೋಣ. ರಾಜ್ಯದಲ್ಲಿ ಇಪ್ಪತ್ತು ಸಾವಿರ ಜನರನ್ನು ಕೇಳಿದರೆ ಅದನ್ನು ದೊಡ್ಡ ಸಮೀಕ್ಷೆ ಎನ್ನುತ್ತಾರೆ. 224 ಕ್ಷೇತ್ರಗಳಿಗೆ ಹಂಚಿದರೆ ಒಂದು ಕ್ಷೇತ್ರಕ್ಕೆ ಬರುವುದು ತೊಂಬತ್ತು ಜನ. ತೊಂಬತ್ತು ಜನರ ಉತ್ತರದಲ್ಲಿ ಆಚೀಚೆ ಆಗುವುದು ಹತ್ತು ಅಂಶಕ್ಕಿಂತ ಹೆಚ್ಚು. ಅಂದರೆ ಶೇಕಡಾ 40 ಎಂದು ಬಂದರೆ ಅದು 30 ಇರಬಹುದು, 50 ಇರಬಹುದು. ಅಂಥ ಅಂಕಿಯ ಮೇಲೆ ಮದುವೆಗೆ ಎಷ್ಟು ಜನಕ್ಕೆ ಅಡುಗೆ ಮಾಡಿಸಬೇಕೆಂದು ಕೂಡ ಯಾರೂ ನಿರ್ಧರಿಸುವುದಿಲ್ಲ.

ನಮ್ಮ ಊರಿನ ಅನುಭವ ಇದನ್ನೇ ಮತ್ತೆ ಮತ್ತೆ ತೋರಿಸಿದೆ. 1994ರ ಚುನಾವಣೆಯನ್ನು ನೆನಪಿಸಿಕೊಳ್ಳಿ. ರಾಜ್ಯದಲ್ಲಿ ಜನತಾದಳದ ಗಾಳಿ. ಅದು 115 ಸ್ಥಾನ ಗೆದ್ದು ಅಧಿಕಾರಕ್ಕೆ ಬಂದಿತು. ಆದರೆ ಹುಬ್ಬಳ್ಳಿ ಗ್ರಾಮೀಣ ಕ್ಷೇತ್ರದಲ್ಲಿ ಅದೇ ಜನತಾದಳದ ಅಭ್ಯರ್ಥಿ, ಮಾಜಿ ಮುಖ್ಯಮಂತ್ರಿ ಎಸ್.ಆರ್. ಬೊಮ್ಮಾಯಿಯವರ ಮಗ ಬಸವರಾಜ ಬೊಮ್ಮಾಯಿಯವರು ಸೋತರು. ಗೆದ್ದವರು ಬಿ.ಜೆ.ಪಿ.ಯಿಂದ ಮೊದಲ ಸಲ ವಿಧಾನಸಭೆ ಪ್ರವೇಶಿಸಿದ ಜಗದೀಶ ಶೆಟ್ಟರ ಅವರು. ಮುಂದೆ ಶೆಟ್ಟರ ಅವರು 2012ರಲ್ಲಿ, ಬೊಮ್ಮಾಯಿಯವರು 2021ರಲ್ಲಿ ಮುಖ್ಯಮಂತ್ರಿಗಳಾದರು. ಒಂದೇ ಕ್ಷೇತ್ರದಲ್ಲಿ ಎದುರುಬದುರಾಗಿ ನಿಂತ ಇಬ್ಬರೂ ಆ ಕುರ್ಚಿಯಲ್ಲಿ ಕುಳಿತಾರೆಂದು ಅಂದು ಯಾವ ಸಮೀಕ್ಷೆಯೂ ಹೇಳುವಂತಿರಲಿಲ್ಲ.

2023ಕ್ಕೆ ಬನ್ನಿ. ಟಿಕೆಟ್ ಸಿಗದೆ ಶೆಟ್ಟರ ಅವರು ಬಿ.ಜೆ.ಪಿ. ಬಿಟ್ಟು ಕಾಂಗ್ರೆಸ್ ಸೇರಿ, ತಮ್ಮ ಹುಬ್ಬಳ್ಳಿ-ಧಾರವಾಡ ಕೇಂದ್ರ ಕ್ಷೇತ್ರದಿಂದಲೇ ನಿಂತರು. 2018ರಲ್ಲಿ ಇಲ್ಲಿ ಅವರು 21 ಸಾವಿರಕ್ಕೂ ಹೆಚ್ಚು ಮತಗಳ ಅಂತರದಿಂದ ಗೆದ್ದಿದ್ದರು. ಅವರು ಪಕ್ಷ ಬಿಟ್ಟದ್ದರಿಂದ ಈ ಭಾಗದ ಹಲವು ಕ್ಷೇತ್ರಗಳಲ್ಲಿ ಪರಿಣಾಮವಾದೀತೆಂದು ಚರ್ಚೆಯೋ ಚರ್ಚೆ. ಮೇ 13ರಂದು ಎಣಿಕೆಯಾಯಿತು. ರಾಜ್ಯದಲ್ಲಿ ಕಾಂಗ್ರೆಸ್ ಗೆದ್ದಿತು. ಕೇಂದ್ರ ಕ್ಷೇತ್ರದಲ್ಲಿ ಕಾಂಗ್ರೆಸ್ಸಿನ ಶೆಟ್ಟರ ಅವರು ಬಿ.ಜೆ.ಪಿ.ಯ ಮಹೇಶ ಟೆಂಗಿನಕಾಯಿ ಅವರ ಎದುರು 34 ಸಾವಿರಕ್ಕೂ ಹೆಚ್ಚು ಮತಗಳಿಂದ ಸೋತರು. ರಾಜ್ಯದ ಗಾಳಿ ಒಂದು ಕಡೆ, ಓಣಿಯ ಓಟು ಇನ್ನೊಂದು ಕಡೆ.

ಇದು ಒಂದೇ ಸಲದ ಮಾತಲ್ಲ. ಅವಳಿ ನಗರದ ಹೆಸರು ಹೊತ್ತ ಮೂರು ಕ್ಷೇತ್ರಗಳಿವೆ: ಪೂರ್ವ, ಕೇಂದ್ರ, ಪಶ್ಚಿಮ. 2013, 2018, 2023, ಈ ಮೂರು ಚುನಾವಣೆಗಳಲ್ಲಿ ರಾಜ್ಯದ ಗಾಳಿ ಆ ಕಡೆ ಈ ಕಡೆ ತೂಗಿತು. ಕಾಂಗ್ರೆಸ್ 122ಕ್ಕೆ ಏರಿತು, 78ಕ್ಕೆ ಇಳಿಯಿತು, ಮತ್ತೆ 135ಕ್ಕೆ ಏರಿತು. ಆದರೆ ಪೂರ್ವ ಕ್ಷೇತ್ರ ಮೂರು ಸಲವೂ ಕಾಂಗ್ರೆಸ್ಸನ್ನೇ ಆರಿಸಿತು. ಕೇಂದ್ರ ಮತ್ತು ಪಶ್ಚಿಮ ಮೂರು ಸಲವೂ ಬಿ.ಜೆ.ಪಿ.ಯನ್ನೇ ಆರಿಸಿದವು. ಇದೇ ಜಿಲ್ಲೆಯ ಧಾರವಾಡ ಮತ್ತು ಕಲಘಟಗಿ ಕ್ಷೇತ್ರಗಳು ಮೂರು ಸಲವೂ ರಾಜ್ಯದ ಗಾಳಿಯೊಡನೆ ಹೋದವು. ಕುಂದಗೋಳ 2018ರಲ್ಲಿ ಕಾಂಗ್ರೆಸ್ಸಿಗೆ, 2023ರಲ್ಲಿ ಬಿ.ಜೆ.ಪಿ.ಗೆ ಒಲಿದು ಎರಡು ಸಲವೂ ಗಾಳಿಗೆ ಎದುರಾಗಿ ನಡೆಯಿತು. ಒಂದೇ ಜಿಲ್ಲೆ, ಏಳು ಕ್ಷೇತ್ರ, ಇಷ್ಟು ಬಗೆಯ ನಡಿಗೆ. 'ಕಿತ್ತೂರು ಕರ್ನಾಟಕದಲ್ಲಿ ಇಂಥ ಪಕ್ಷಕ್ಕೆ ಇಷ್ಟು' ಎಂಬ ಒಂದು ಸಾಲಿನ ಅಂಕಿ ಇವೆಲ್ಲವನ್ನೂ ನುಂಗಿಬಿಡುತ್ತದೆ.

ಕುಂದಗೋಳದ ಮಾತು ಬಂದಿತು; ಅಲ್ಲಿಯ 2018ರ ಫಲಿತಾಂಶವನ್ನು ಪ್ರತಿಯೊಬ್ಬ ಮತದಾರನೂ ತಿಳಿದಿರಬೇಕು. ಕಾಂಗ್ರೆಸ್ಸಿನ ಸಿ.ಎಸ್. ಶಿವಳ್ಳಿ ಮತ್ತು ಬಿ.ಜೆ.ಪಿ.ಯ ಎಸ್.ಐ. ಚಿಕ್ಕನಗೌಡರ ಇಬ್ಬರಿಗೂ 64 ಸಾವಿರದ ಮೇಲೆ ಮತ ಬಿದ್ದವು. ಶಿವಳ್ಳಿಯವರು 634 ಮತಗಳಿಂದ ಗೆದ್ದರು. ಒಂದು ಕಡೆಯ 318 ಜನ ಮತ್ತೊಂದು ಕಡೆಗೆ ಹೋಗಿದ್ದರೆ ಫಲಿತಾಂಶವೇ ತಿರುವುಮುರುವು. ಒಂದು ಸಾಧಾರಣ ಮದುವೆಯ ಒಂದು ಪಂಕ್ತಿಯ ಜನ! 2019ರಲ್ಲಿ ಶಿವಳ್ಳಿಯವರ ನಿಧನದ ನಂತರ ಉಪಚುನಾವಣೆ ನಡೆದಾಗ ಅವರ ಪತ್ನಿ ಕುಸುಮಾವತಿಯವರು ಗೆದ್ದದ್ದೂ 1,601 ಮತಗಳಿಂದ ಮಾತ್ರ. 2004ರಲ್ಲಿ ಚಾಮರಾಜನಗರ ಜಿಲ್ಲೆಯ ಸಂತೇಮರಹಳ್ಳಿಯಲ್ಲಿ ಆರ್. ಧ್ರುವನಾರಾಯಣ ಅವರು ಎ.ಆರ್. ಕೃಷ್ಣಮೂರ್ತಿಯವರನ್ನು ಸೋಲಿಸಿದ್ದು ಒಂದೇ ಒಂದು ಮತದಿಂದ. 2023ರಲ್ಲಿ ಬೆಂಗಳೂರಿನ ಜಯನಗರದಲ್ಲಿ ಘೋಷಣೆಯಾದ ಅಂತರ 16 ಮತ.

ಈ ಅಂಕಿಗಳನ್ನು ಒಂದು ಕಾರಣಕ್ಕಾಗಿ ಹೇಳಿದೆ. ಸಮೀಕ್ಷೆ ತಪ್ಪಾದರೆ ಸಮೀಕ್ಷೆಯವನಿಗೆ ಒಂದು ದಿನದ ಅವಮಾನ. ಅದನ್ನು ನಂಬಿ ಓಟು ಬದಲಿಸಿದ ಮತದಾರನಿಗೆ ಐದು ವರ್ಷದ ನಷ್ಟ. ನಮ್ಮಲ್ಲಿ ಒಂದು ಮಾತು ರೂಢಿಯಲ್ಲಿದೆ: "ಗೆಲ್ಲಾಕ ಇಲ್ಲದವಗ ಹಾಕಿ ಓಟು ಯಾಕ ಹಾಳು ಮಾಡ್ತೀಯೋ?" ಇದನ್ನು ತಂದೆ ಮಗನಿಗೆ ಹೇಳುತ್ತಾನೆ, ಅತ್ತೆ ಸೊಸೆಗೆ ಹೇಳುತ್ತಾಳೆ, ಗೆಳೆಯ ಗೆಳೆಯನಿಗೆ ಹೇಳುತ್ತಾನೆ. ಇದರ ಹಿಂದಿರುವುದು ಒಂದು ಭಯ: ತನ್ನ ಓಟು ಗೆದ್ದವರ ಕಡೆ ಇರದಿದ್ದರೆ ಅದಕ್ಕೆ ಬೆಲೆಯಿಲ್ಲ ಎಂಬ ಭಯ. ಸಮೀಕ್ಷೆಯ ಅಂಕಿ ಈ ಭಯಕ್ಕೆ ನೀರೆರೆಯುತ್ತದೆ. ಮತ್ತೊಂದು ಅಪಾಯವೂ ಇದೆ. "ಹೆಂಗೂ ನಮ್ಮವರೇ ಬರ್ತಾರಂತ, ಬಿಸಿಲಾಗ ಯಾಕ ಹೋಗೂದು?" ಎಂದು ಮನೆಯಲ್ಲಿ ಉಳಿಯುವವರೂ ಇದ್ದಾರೆ. ಒಬ್ಬ ಅಂಕಿ ನೋಡಿ ಓಟು ಬದಲಿಸಿದ. ಇನ್ನೊಬ್ಬ ಅಂಕಿ ನೋಡಿ ಓಟನ್ನೇ ಬಿಟ್ಟ. ಇಬ್ಬರೂ ತಮ್ಮ ಹಕ್ಕನ್ನು ತಮಗೆ ಪರಿಚಯವೇ ಇಲ್ಲದ ಯಾರದೋ ಲೆಕ್ಕದ ಕೈಗೆ ಕೊಟ್ಟರು.

ಓಟು ಹಾಳಾಗುವುದು ಸೋತವನಿಗೆ ಹಾಕಿದಾಗಲ್ಲ. ಸೋತವನಿಗೆ ಬಿದ್ದ ಮತಗಳನ್ನು ಗೆದ್ದವನು ಎಣಿಸುತ್ತಾನೆ. ಮುಂದಿನ ಐದು ವರ್ಷ ಅವನನ್ನು ಎಚ್ಚರದಲ್ಲಿಡುವುದು ಆ ಎಣಿಕೆಯೇ. 634 ಮತಗಳಿಂದ ಗೆದ್ದವನು ನಡೆಯುವ ರೀತಿಗೂ ಅರವತ್ತು ಸಾವಿರದಿಂದ ಗೆದ್ದವನು ನಡೆಯುವ ರೀತಿಗೂ ವ್ಯತ್ಯಾಸವಿರುತ್ತದೆ. ತನ್ನ ಮನಸ್ಸು ಒಪ್ಪದವನಿಗೆ, ಅವನು ಗೆಲ್ಲುತ್ತಾನಂತೆ ಎಂಬ ಒಂದೇ ಕಾರಣಕ್ಕೆ ಹಾಕಿದ ಓಟು ಮಾತ್ರ ನಿಜವಾಗಿ ಹಾಳಾದ ಓಟು.

ಹಾಗಾದರೆ ಸಮೀಕ್ಷೆಗಳನ್ನು ನಿಷೇಧಿಸಬಾರದೇ ಎಂದು ನೀವು ಕೇಳಬಹುದು. ಈ ಪ್ರಶ್ನೆ ಹಳೆಯದು. 1998ರಲ್ಲಿ ಚುನಾವಣಾ ಆಯೋಗ ಮತದಾನದ ಅವಧಿಯಲ್ಲಿ ಸಮೀಕ್ಷೆಗಳ ಪ್ರಕಟಣೆಗೆ ತಡೆ ಹಾಕುವ ಮಾರ್ಗಸೂಚಿ ಹೊರಡಿಸಿತ್ತು. 1999ರಲ್ಲಿ ವಿಷಯ ಸುಪ್ರೀಂ ಕೋರ್ಟಿಗೆ ಹೋದಾಗ ಆಯೋಗ ಅದನ್ನು ಹಿಂದಕ್ಕೆ ಪಡೆಯಿತು. ಬಳಿಕ ಜನತಾ ಪ್ರಾತಿನಿಧ್ಯ ಕಾಯಿದೆಗೆ 126ಎ ಕಲಮು ಸೇರಿತು. ಅದರಂತೆ ಮೊದಲ ಹಂತದ ಮತದಾನ ಆರಂಭವಾದಾಗಿನಿಂದ ಕೊನೆಯ ಹಂತ ಮುಗಿದು ಅರ್ಧ ಗಂಟೆಯವರೆಗೆ ಮತಗಟ್ಟೆ ಸಮೀಕ್ಷೆ ನಡೆಸುವುದೂ ಪ್ರಕಟಿಸುವುದೂ ಅಪರಾಧ. ಎರಡು ವರ್ಷದವರೆಗೆ ಸೆರೆವಾಸ, ದಂಡ ಅಥವಾ ಎರಡೂ ಆಗಬಹುದು. ಮತದಾನ ಮುಗಿಯುವ ಹೊತ್ತಿಗೆ ಹಿಂದಿನ 48 ಗಂಟೆ ಚುನಾವಣಾಪೂರ್ವ ಸಮೀಕ್ಷೆಗಳನ್ನು ಟಿ.ವಿ.ಯಲ್ಲಿ ತೋರಿಸುವಂತಿಲ್ಲ. ಅದಕ್ಕೂ ಮೊದಲಿನ ತಿಂಗಳುಗಳಲ್ಲಿ ಸಮೀಕ್ಷೆಗಳು ಮುಕ್ತ. ಅದು ತಿಳಿಯುವ ಹಕ್ಕಿನ ಪ್ರಶ್ನೆಯೂ ಹೌದು. ಪ್ರಾಮಾಣಿಕ ಸಮೀಕ್ಷೆ ಪ್ರಜಾಪ್ರಭುತ್ವಕ್ಕೆ ಉಪಕಾರಿಯೇ. ಹೆಂಗಸರು ಏನು ಬಯಸುತ್ತಾರೆ, ರೈತರಿಗೆ ಯಾವುದು ಮುಖ್ಯ, ಯುವಕರ ಸಿಟ್ಟು ಯಾವುದರ ಮೇಲೆ ಎಂಬುದು ಅದರಿಂದ ಆಳುವವರಿಗೆ ತಿಳಿಯುತ್ತದೆ.

ಸುಳ್ಳು ಸಮೀಕ್ಷೆಗಳ ವಿಷಯ ಬೇರೆ. 2018ರ ನಮ್ಮ ಚುನಾವಣೆಗೆ ಮೊದಲು ಬಿ.ಬಿ.ಸಿ. ಹೆಸರಿನಲ್ಲಿ ಒಂದು ಸಮೀಕ್ಷೆ ವಾಟ್ಸಾಪ್‌ನಲ್ಲಿ ಹರಿದಾಡಿತು. ಅದು ತನ್ನದಲ್ಲವೆಂದು, ಭಾರತದ ಚುನಾವಣೆಗಳಿಗೆ ತಾನು ಇಂಥ ಸಮೀಕ್ಷೆ ಮಾಡಿಸುವುದಿಲ್ಲವೆಂದು ಬಿ.ಬಿ.ಸಿ. ಸ್ಪಷ್ಟಪಡಿಸಬೇಕಾಯಿತು. ಅಷ್ಟು ಹೊತ್ತಿಗೆ ಅದು ಎಷ್ಟು ಕೈ ದಾಟಿತ್ತೋ! ಸುಳ್ಳು ನೋಟನ್ನು ಕೈಗೆ ಬಂದ ಕೂಡಲೇ ಬೆಳಕಿಗೆ ಹಿಡಿದು ನೋಡುವ ನಾವು ಸುಳ್ಳು ಅಂಕಿಯನ್ನು ನೋಡದೆಯೇ ನಾಲ್ಕು ಜನಕ್ಕೆ ಕಳಿಸುತ್ತೇವೆ.

ಆದ್ದರಿಂದ ಮುಂದಿನ ಚುನಾವಣೆಯ ಅಂಕಿ ನಿಮ್ಮ ಕೈಗೆ ಬಂದಾಗ ಐದು ಪ್ರಶ್ನೆ ಕೇಳಿಕೊಳ್ಳಿ. ಒಂದು, ಇದನ್ನು ಮಾಡಿದವರು ಯಾರು, ಹಣ ಕೊಟ್ಟವರು ಯಾರು? ಎರಡು, ಎಷ್ಟು ಜನರನ್ನು, ಎಷ್ಟು ಕ್ಷೇತ್ರಗಳಲ್ಲಿ, ಯಾವ ದಿನಗಳಲ್ಲಿ ಕೇಳಿದರು? ಅಭ್ಯರ್ಥಿಗಳ ಪಟ್ಟಿ ಬರುವ ಮೊದಲೋ ನಂತರವೋ? ಮೂರು, ಮನೆಗೆ ಹೋಗಿ ಕೇಳಿದರೋ, ಫೋನಿನಲ್ಲಿ ಕೇಳಿದರೋ? ಹೆಂಗಸರು, ಹಳ್ಳಿಯವರು, ಕೂಲಿಯವರು ಅದರಲ್ಲಿ ಇದ್ದಾರೆಯೇ? ನಾಲ್ಕು, ಶೇಕಡಾ ಮತವನ್ನೂ ಆಚೀಚೆ ಆಗುವ ಮಿತಿಯನ್ನೂ ಹೇಳಿದ್ದಾರೆಯೇ, ಇಲ್ಲವೆ ಬರೀ ಸ್ಥಾನಗಳನ್ನು ಹೇಳಿದ್ದಾರೆಯೇ? ಐದು, ಇದು ನನ್ನ ಕ್ಷೇತ್ರದ ಬಗ್ಗೆ ಏನಾದರೂ ಹೇಳುತ್ತದೆಯೇ? ಮೊದಲ ನಾಲ್ಕಕ್ಕೆ ಉತ್ತರ ಸಿಗದಿದ್ದರೆ ಆ ಅಂಕಿಯನ್ನು ಹರಟೆಗೆ ಬಿಡಿ. ಐದನೆಯದಕ್ಕೆ ಉತ್ತರ ಬಹುಮಟ್ಟಿಗೆ 'ಇಲ್ಲ' ಎಂದೇ ಇರುತ್ತದೆ.

ಇನ್ನೊಂದು ಮಾತು. ಸಮೀಕ್ಷೆಯವರು ನಮ್ಮನ್ನು ಕೇಳುವ ಮೊದಲ ಪ್ರಶ್ನೆ 'ಯಾರಿಗೆ' ಎಂಬುದು. ನಾವು ನಮ್ಮನ್ನೇ ಕೇಳಿಕೊಳ್ಳಬೇಕಾದ ಮೊದಲ ಪ್ರಶ್ನೆ 'ಯಾಕೆ' ಎಂಬುದು. ನಮ್ಮ ನಳಕ್ಕೆ ಎಷ್ಟು ದಿನಕ್ಕೊಮ್ಮೆ ನೀರು ಬರುತ್ತದೆ? ಅವಳಿ ನಗರದ ಕೆಲವು ವಾರ್ಡುಗಳಲ್ಲಿ ದಿನದ 24 ಗಂಟೆಯೂ ನೀರು ಕೊಡುವ ಪ್ರಯೋಗ 2008ರ ಸುಮಾರಿಗೇ ಆಗಿತ್ತಲ್ಲ, ಅದು ನಮ್ಮ ಓಣಿಗೆ ಬಂದಿತೇ? ಮಹದಾಯಿ ನ್ಯಾಯಮಂಡಳಿ 2018ರ ಆಗಸ್ಟಿನಲ್ಲಿ ಕರ್ನಾಟಕಕ್ಕೆ 13.42 ಟಿ.ಎಂ.ಸಿ. ಹಂಚಿತು, ಅದರಲ್ಲಿ ಕಳಸಾ-ಬಂಡೂರಿಯ ಮೂಲಕ ಮಲಪ್ರಭೆಗೆ ತಿರುಗಬೇಕಾದದ್ದು 3.9 ಟಿ.ಎಂ.ಸಿ. ನವಲಗುಂದ, ನರಗುಂದದ ರೈತರು 2015ರಿಂದ ವರ್ಷಗಟ್ಟಲೆ ಧರಣಿ ಕುಳಿತದ್ದು ಈ ನೀರಿಗಾಗಿ. ಓಟು ಕೇಳಲು ಬಂದವರನ್ನು ಇದನ್ನು ಕೇಳಬೇಕಲ್ಲವೆ? 'ಯಾರು ಬರ್ತಾರೆ' ಎಂಬ ಒಂದೇ ಪ್ರಶ್ನೆಯಲ್ಲಿ ಮೂರು ತಿಂಗಳು ಕಳೆದರೆ, 'ಬಂದು ಏನು ಮಾಡ್ತಾರೆ' ಎಂಬ ಪ್ರಶ್ನೆಗೆ ಸಮಯವೇ ಉಳಿಯುವುದಿಲ್ಲ. ಅಭ್ಯರ್ಥಿಗೆ ಅದಕ್ಕಿಂತ ದೊಡ್ಡ ಅನುಕೂಲ ಬೇರೆ ಬೇಕೆ?

ಸಮೀಕ್ಷೆಯ ಹುಡುಗ ನಿಮ್ಮ ಮನೆಗೆ ಬಂದರೆ ಬೈದು ಕಳಿಸಬೇಡಿ. ಅವನೂ ದಿನಗೂಲಿಗೆ ಬಿಸಿಲಲ್ಲಿ ತಿರುಗುವವನು. ಮನಸ್ಸಿದ್ದರೆ ನಿಜವನ್ನೇ ಹೇಳಿ. ಮನಸ್ಸಿಲ್ಲದಿದ್ದರೆ, "ಹೇಳೂದಿಲ್ಲಪಾ, ತಪ್ಪು ತಿಳ್ಕೋಬ್ಯಾಡ" ಎಂದು ಒಂದು ತಂಬಿಗೆ ನೀರು ಕೊಟ್ಟು ಕಳಿಸಿ. ಸುಳ್ಳು ಮಾತ್ರ ಹೇಳಬೇಡಿ. ಮನೆಯ ಹೆಂಗಸರನ್ನು ಕೇಳಿದರೆ ಉತ್ತರ ಅವರೇ ಹೇಳಲಿ.

ಸಂಜೆ ಕಟ್ಟೆಯ ಮೇಲೆ ಸಮೀಕ್ಷೆಯ ಬಗ್ಗೆ ಹರಟೆ ಹೊಡೆಯಿರಿ, ಪಂಥ ಕಟ್ಟಿ ಒಂದು ಚಹ ಸೋಲಿರಿ, ಗೆಲ್ಲಿರಿ. ಅದರಲ್ಲಿ ತಪ್ಪೇನಿಲ್ಲ. ಆದರೆ ಮತದಾನದ ದಿನ ಬೆಳಗ್ಗೆ ಬಾಗಿಲು ದಾಟುವಾಗ ಆ ಅಂಕಿಯನ್ನು ಮನೆಯಲ್ಲೇ ಬಿಟ್ಟು ಹೋಗಿ. ಮತಗಟ್ಟೆಯ ಮರೆಯೊಳಗೆ ಒಬ್ಬರಿಗಷ್ಟೇ ಜಾಗ. ಅಲ್ಲಿ ಸಮೀಕ್ಷೆಯವನಿಗೆ ಪ್ರವೇಶವಿಲ್ಲ, ಟಿ.ವಿ.ಗೆ ಪ್ರವೇಶವಿಲ್ಲ, ಪಕ್ಕದ ಮನೆಯವರಿಗೂ ಇಲ್ಲ. ಅಲ್ಲಿ ಇರಬೇಕಾದವರು ನೀವು ಮಾತ್ರ. ನೀವೇ ಇರಿ.